ಗೆರೆಗೂ ಉಂಟು ತೂಕ

ಮಗು ಪೆನ್ಸಿಲಿನಲ್ಲಿ ಒಂದು ಹಸುವನ್ನು ಬಿಡಿಸಿರುತ್ತದೆ. ಬೆನ್ನು ಸ್ವಲ್ಪ ಬಾಗಿದೆ, ಬಾಲ ನೊಣ ಹೊಡೆಯುವಂತಿದೆ, ಕಾಲು ನೆಲಕ್ಕೆ ಊರಿದೆ. “ಚೆನ್ನಾಗಿದೆ, ಆದರೆ ಮಂಕಾಗಿ ಕಾಣ್ತದೆ, ನೀಟಾಗಿ ಔಟ್‌ಲೈನ್ ಹಾಕು” ಎಂದು ಮನೆಯವರ ಸಲಹೆ ಬರುತ್ತದೆ. ಅದರ ಹಿಂದೆಯೇ ಕಪ್ಪು ಸ್ಕೆಚ್ ಪೆನ್ ಬರುತ್ತದೆ. ಕೊಂಬಿನಿಂದ ಗೊರಸಿನವರೆಗೆ ಒಂದೇ ದಪ್ಪದ ಗೆರೆ ಸುತ್ತಿ ಬಂದ ಮೇಲೆ ನೋಡಿದರೆ ಚಿತ್ರ ನೀಟಾಗಿದೆ. ಹಸು ಮಾತ್ರ ಹೊರಟುಹೋಗಿದೆ.

ಏನಾಯಿತು? ಆಕಾರ ಬದಲಾಗಿಲ್ಲ, ಅಳತೆ ತಪ್ಪಿಲ್ಲ. ಹೋದದ್ದು ಗೆರೆಯ ತೂಕ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಗಾಢ, ಎಲ್ಲಿ ನಸು ಎಂಬ ವ್ಯತ್ಯಾಸವನ್ನೇ ಚಿತ್ರಕಾರರು ತೂಕ ಎನ್ನುವುದು. ನಮ್ಮ ಕಣ್ಣು ಕಾಗದದ ಮೇಲೆ ಮೊದಲು ಹೋಗುವುದು ಅತಿ ಹೆಚ್ಚು ಕಪ್ಪು-ಬಿಳುಪು ಎದುರಾಗುವ ಜಾಗಕ್ಕೆ. ದಪ್ಪ ಗೆರೆ ಮುಂದೆ ಬಂದಂತೆ, ತೆಳು ಗೆರೆ ಹಿಂದೆ ಸರಿದಂತೆ ತೋರುತ್ತದೆ. ಎಲ್ಲವನ್ನೂ ದಪ್ಪ ಮಾಡಿದರೆ, ತರಗತಿಯಲ್ಲಿ ಅರವತ್ತು ಮಕ್ಕಳೂ ಒಟ್ಟಿಗೆ ಕೂಗಿದಂತೆ, ಯಾರ ಮಾತೂ ಕೇಳಿಸುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಿಟಕಿಯ ಬಳಿ ಒಂದು ಮಣೆ, ಅದರ ಮೇಲೆ ಒಂದು ತಂಬಿಗೆ, ತಂಬಿಗೆಯ ಮುಂದೆ ಅದಕ್ಕೆ ಅಡ್ಡವಾಗಿ ಒಂದು ನಿಂಬೆಹಣ್ಣು. ಬೆಳಕು ಎಡಗಡೆಯಿಂದ ಬರಲಿ. ಮೊದಲು ಎಲ್ಲವನ್ನೂ ನಸುಗೆರೆಯಲ್ಲಿ, ಕಾಗದಕ್ಕೆ ಪೆನ್ಸಿಲ್ ತಾಗಿತೋ ಇಲ್ಲವೋ ಎಂಬಂತೆ ಬಿಡಿಸಿಕೊಳ್ಳಿ. ಈಗ ತೂಕ ಹಾಕುವ ಸರದಿ. ತಂಬಿಗೆಯ ತಳ ಮಣೆಯನ್ನು ಮುಟ್ಟುವ ಸಂದಿಗೆ ಬೆಳಕು ನುಗ್ಗುವುದೇ ಇಲ್ಲ. ಅಲ್ಲಿನ ಗೆರೆಯೇ ಇಡೀ ಚಿತ್ರದಲ್ಲಿ ಅತಿ ಗಾಢವಾಗಿರಲಿ. ಇಷ್ಟು ಮಾಡಿದೊಡನೆ ಗಾಳಿಯಲ್ಲಿ ತೇಲುತ್ತಿದ್ದ ತಂಬಿಗೆ ಮಣೆಯ ಮೇಲೆ ಕೂರುತ್ತದೆ. ಬಲಗಡೆಯ ಹೊಟ್ಟೆ ನೆರಳಿನಲ್ಲಿದೆ, ಅಲ್ಲಿ ಗೆರೆ ದಪ್ಪವಾಗುತ್ತ ಬರಲಿ. ಎಡಗಡೆ ಬೆಳಕು ಬಿದ್ದಲ್ಲಿ ತೆಳುವಾಗಲಿ. ಬೆಳಕು ಜೋರಾಗಿದ್ದರೆ ಗೆರೆ ಅಲ್ಲಿ ಸ್ವಲ್ಪ ಕಡಿದೇ ಹೋಗಲಿ. ಹೆದರಬೇಡಿ, ಬಿಟ್ಟ ಜಾಗವನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಇನ್ನು ನಿಂಬೆಹಣ್ಣು. ಅದರ ಅಂಚು ತಂಬಿಗೆಯ ಮೇಲೆ ಹಾದುಹೋಗುವ ಕಡೆ ಹಣ್ಣಿನ ಗೆರೆ ಗಟ್ಟಿಯಾಗಿರಬೇಕು. ಹಿಂದಿನಿಂದ ಬರುವ ತಂಬಿಗೆಯ ಗೆರೆ ಅದರ ಹತ್ತಿರ ಬರುತ್ತ ಸಣ್ಣಗಾಗಿ, ಕೂದಲೆಳೆಯಷ್ಟು ಮೊದಲೇ ನಿಂತುಬಿಡಲಿ. ಇಷ್ಟರಿಂದಲೇ ಹಣ್ಣು ಮುಂದೆ, ತಂಬಿಗೆ ಹಿಂದೆ ಎಂಬುದು ಸ್ಪಷ್ಟವಾಗುತ್ತದೆ. ಶೇಡಿಂಗ್ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಬೆಳಕು, ನೆರಳು, ಮುಂದು, ಹಿಂದು ಇವೆಲ್ಲ ಕಣ್ಣಿಗೆ ಕಾಣುವಂಥವು. ಇದರ ಮೇಲೆ ಇನ್ನೊಂದು ಲೆಕ್ಕವಿದೆ, ಅದು ಬಿಡಿಸುವವರದ್ದು. ಈ ಚಿತ್ರ ಯಾರ ಕಥೆ, ತಂಬಿಗೆಯದೋ ನಿಂಬೆಹಣ್ಣಿನದೋ? ಅದೇ ನಸುಗೆರೆ ಚಿತ್ರವನ್ನು ಎರಡು ಬಾರಿ ಮಾಡಿ, ಒಮ್ಮೆ ತಂಬಿಗೆಗೆ, ಇನ್ನೊಮ್ಮೆ ಹಣ್ಣಿಗೆ ತೂಕ ಕೊಟ್ಟು ನೋಡಿ. ವಸ್ತುಗಳು ಅವೇ, ಚಿತ್ರ ಬೇರೆ. ಸ್ಕೆಚ್ ಪೆನ್ ಮೇಲೆ ನನ್ನ ಆಕ್ಷೇಪವಿರುವುದು ಇಲ್ಲಿಯೇ. ಮುಖ್ಯ ಯಾವುದು ಎಂದು ಯೋಚಿಸುವ ಕೆಲಸವನ್ನೇ ಅದು ಮಗುವಿನಿಂದ ಕಸಿದುಕೊಳ್ಳುತ್ತದೆ.

ದೊಡ್ಡವರ ಕೈಯಲ್ಲಿ ಈ ತೂಕ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ತಮ್ಮ ವ್ಯಂಗ್ಯಚಿತ್ರಗಳನ್ನು ಕುಂಚ ಮತ್ತು ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದರು. ಕುಂಚದ ತುದಿ ಸೋಕಿದರೆ ಎಳೆ, ಒತ್ತಿದರೆ ಪಟ್ಟೆ. ಒಂದೇ ಎಳೆತದಲ್ಲಿ ಎರಡೂ ಸಾಧ್ಯ. ಅವರ ‘ಕಾಮನ್ ಮ್ಯಾನ್’ನ ಚೌಕಳಿ ಕೋಟನ್ನು ನೆನಪಿಸಿಕೊಳ್ಳಿ. ಚೌಕಳಿಯ ಗೆರೆಗಳೂ ಹೊರಗೆರೆಯಷ್ಟೇ ದಪ್ಪವಾಗಿದ್ದರೆ ನಮಗೆ ಕೋಟು ಕಾಣುತ್ತಿತ್ತು, ಒಳಗಿನ ಮನುಷ್ಯ ಕಾಣುತ್ತಿರಲಿಲ್ಲ. ಇದೇ ಲಕ್ಷ್ಮಣ್‌ಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತ್ತು ಎಂಬುದನ್ನು ಪಾಲಕರು ತಿಳಿದಿದ್ದರೆ ಒಳ್ಳೆಯದು.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರದು (1911–1996) ಬೇರೆಯೇ ದಾರಿ. ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಕಲಿತವರು ಅವರು. ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಮುಖದ ವಿವರ ಹುಡುಕಿದರೆ ಸಿಗುವುದು ಕಡಿಮೆ. ಮೈ ಬಾಗುವ ಗತಿ ಮಾತ್ರ ಗೆರೆಯ ಓಟದಲ್ಲೇ ಇರುತ್ತದೆ.

ಹಾಗೆಂದು ಸಮದಪ್ಪದ ಗೆರೆ ಎಲ್ಲ ಕಡೆಯೂ ದೋಷವಲ್ಲ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಪುಂಡಿನಾರಿನ ಕುಂಚದಿಂದ ಕೆಮ್ಮಣ್ಣಿನ ಮೇಲೆ ಎಳೆದ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಒಂದೇ ಹದದಲ್ಲಿ ಸಾಗುವುದೇ ಸೊಗಸು. ಅಲ್ಲಿ ಒತ್ತು ಬರುವುದು ಗೆರೆಗಳ ನೇಯ್ಗೆಯಿಂದ.

ವಿಜ್ಞಾನದ ಪರೀಕ್ಷೆಯಲ್ಲಿಯೂ ನಿಯಮ ಬೇರೆ. ಹೃದಯದ ಚಿತ್ರದಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪ. ಅದನ್ನು ತೋರಿಸಬೇಕಾದದ್ದು ಎರಡು ಗೆರೆಗಳ ನಡುವಿನ ಅಂತರದಿಂದ, ಒಂದೇ ಗೆರೆಯನ್ನು ತಿದ್ದಿ ತಿದ್ದಿ ಕಪ್ಪಾಗಿಸುವುದರಿಂದ ಅಲ್ಲ. ಭಾಗಗಳನ್ನು ಗುರುತಿಸುವ ಗೆರೆಗಳು ಮಾತ್ರ ಚಿತ್ರದ ಗೆರೆಗಿಂತ ತೆಳುವಾಗಿರಲಿ. ಇಲ್ಲದಿದ್ದರೆ ಹೃದಯಕ್ಕೆ ಸೂಜಿ ಚುಚ್ಚಿಟ್ಟಂತೆ ಕಾಣುತ್ತದೆ. ಮುಂದೆ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುವವರಿಗಂತೂ ತೂಕ ಕಾನೂನೇ ಆಗುತ್ತದೆ. ಕಣ್ಣಿಗೆ ಕಾಣುವ ಅಂಚು ದಪ್ಪ, ಅಳತೆ ಸೂಚಿಸುವ ಗೆರೆ ತೆಳು, ದಪ್ಪವು ತೆಳುವಿನ ಎರಡು ಪಟ್ಟಿಗೆ ಕಡಿಮೆ ಇರಬಾರದು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನಲ್ಲಿಯೂ ಅಷ್ಟೆ. ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಸಾಗುವ ಸಮೋನ್ನತಿ ರೇಖೆಗಳಲ್ಲಿ ಪ್ರತಿ ಐದನೆಯದು ದಪ್ಪ. ಬೆಟ್ಟದ ಎತ್ತರವನ್ನು ನೂರು ನೂರರಲ್ಲಿ ಎಣಿಸಿಬಿಡಬಹುದು.

ಇನ್ನು ಸಾಮಗ್ರಿಯ ವಿಷಯ. ಪೆನ್ಸಿಲಿನ ಕಡ್ಡಿ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಮಣ್ಣು ಹೆಚ್ಚಿದರೆ ಕಡ್ಡಿ ಗಟ್ಟಿ, ಗೆರೆ ನಸು; ಅದು ಎಚ್ ಬಗೆ. ಗ್ರಾಫೈಟ್ ಹೆಚ್ಚಿದರೆ ಮೆದು, ಗೆರೆ ಕಪ್ಪು. ಅದು ಬಿ ಬಗೆ. ನಸುಗೆರೆಗೆ ಎಚ್‌ಬಿ, ತೂಕಕ್ಕೆ 2ಬಿ ಮತ್ತು 4ಬಿ, ಇಷ್ಟಿದ್ದರೆ ಸಾಕು. ಡಜನ್ನುಗಟ್ಟಲೆ ಬಣ್ಣದ ಪೆಟ್ಟಿಗೆಗಿಂತ ಇದು ಅಗ್ಗವೂ ಹೌದು. ಎಚ್‌ಬಿಯನ್ನೇ ಬಲವಾಗಿ ಒತ್ತಿ ಕಪ್ಪು ಬರಿಸುವ ಅಭ್ಯಾಸ ಬಹಳ ಮಕ್ಕಳಿಗಿದೆ. ಹಾಳೆಯನ್ನು ತಿರುಗಿಸಿ ಬೆರಳಾಡಿಸಿ ನೋಡಿ. ಹಿಂಬದಿಯಲ್ಲಿ ಗೆರೆ ಉಬ್ಬಿದ್ದರೆ ಪೆನ್ಸಿಲ್ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಅಷ್ಟು ಒತ್ತಿದ ಗೆರೆಯನ್ನು ಯಾವ ರಬ್ಬರೂ ಪೂರ್ತಿ ಅಳಿಸಲಾರದು. ಕಡ್ಡಿಯನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ವಾಲಿಸಿ ಹಿಡಿದರೆ ಅಗಲ ಗೆರೆ. ದಿನಕ್ಕೆ ಹತ್ತು ನಿಮಿಷ, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ, ತೆಳುವಾಗಿ ಶುರುವಾಗಿ ನಡುವೆ ದಪ್ಪವಾಗಿ ಮತ್ತೆ ತೆಳುವಾಗಿ ಮುಗಿಯುವ ಉದ್ದ ಗೆರೆಗಳನ್ನು ಕೈಯೆತ್ತದೆ ಎಳೆಯಲಿ. ಬೆರಳಿನಿಂದಲ್ಲ, ಭುಜದಿಂದ.

ಔಟ್‌ಲೈನ್ ಹಾಕಲೇಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಮೂಲಚಿತ್ರವನ್ನು ಮುಟ್ಟದೆ, ಅದರ ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟು ಹಾಕಲಿ. ಎರಡನ್ನೂ ಗೋಡೆಗೆ ಅಂಟಿಸಿ, ಹತ್ತು ಅಡಿ ದೂರದಿಂದ ನೋಡಿ, ಯಾವುದನ್ನು ಇಟ್ಟುಕೊಳ್ಳಬೇಕೆಂಬುದನ್ನು ಮಗುವಿಗೇ ಬಿಡಿ.