ಬೇತಾಳನ ಕಡೆಯ ಪ್ರಶ್ನೆ

ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳೂ ಸೇರಿವೆ. ಬೇತಾಳನ ಪ್ರಶ್ನೆಗಳಿಗೆಲ್ಲ ಉತ್ತರವಿತ್ತ ರಾಜನು ಕಡೆಯದೊಂದಕ್ಕೆ ಮಾತ್ರ ಮೌನ ತಾಳಿದನು. ಆ ಪ್ರಶ್ನೆಯನ್ನು ನಾವು ಈಗ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಪತಿಯನ್ನು ಕಳೆದುಕೊಂಡ ರಾಣಿ ಚಂದ್ರವತಿಯೂ ಆಕೆಯ ಮಗಳು ಲಾವಣ್ಯವತಿಯೂ ಕಾಡಿನಲ್ಲಿ ಅಲೆಯುತ್ತಿದ್ದರು. ಅವರ ಹೆಜ್ಜೆಗುರುತುಗಳನ್ನು ಕಂಡ ಚಂಡಸಿಂಹನೂ ಅವನ ಮಗ ಸಿಂಹಪರಾಕ್ರಮನೂ, ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಎಂದು ನಿಶ್ಚಯಿಸಿಕೊಂಡರು. ಆದರೆ ದೊಡ್ಡ ಹೆಜ್ಜೆ ಲಾವಣ್ಯವತಿಯದಾಗಿತ್ತು! ಮಾತಿಗೆ ಕಟ್ಟುಬಿದ್ದು ಚಂಡಸಿಂಹನು ಲಾವಣ್ಯವತಿಯನ್ನೂ, ಸಿಂಹಪರಾಕ್ರಮನು ಚಂದ್ರವತಿಯನ್ನೂ ವರಿಸಿದರು. ಈ ದಂಪತಿಗಳ ಮಕ್ಕಳು ಪರಸ್ಪರ ಏನಾಗಬೇಕು? ಎಂಟನೆಯ ಶತಮಾನದ ಆಲ್ಕ್ವಿನ್ ಎಂಬ ಪಂಡಿತನ ಹೆಸರಿನಲ್ಲಿ ಬಂದಿರುವ ಲ್ಯಾಟಿನ್ ಲೆಕ್ಕಗಳ ಸಂಗ್ರಹದಲ್ಲಿಯೂ ಇಂತಹುದೇ ಸಮಸ್ಯೆಯುಂಟು.

ತೊಡಕು ಮಕ್ಕಳು ಹುಟ್ಟುವ ಮೊದಲೇ ಆರಂಭವಾಗುತ್ತದೆ. ಚಂದ್ರವತಿಯು ಚಂಡಸಿಂಹನಿಗೆ ಸೊಸೆಯೂ ಹೌದು, ಅತ್ತೆಯೂ ಹೌದು. ಸಿಂಹಪರಾಕ್ರಮನಿಗೆ ಹೆತ್ತ ತಂದೆಯೇ ಅಳಿಯ! ಈಗ ಚಂಡಸಿಂಹನ ಹೊಸ ಮಗನನ್ನು ರಾಮನೆಂದೂ, ಸಿಂಹಪರಾಕ್ರಮನ ಮಗನನ್ನು ಭೀಮನೆಂದೂ ಕರೆಯೋಣ. ರಾಮನು ಸಿಂಹಪರಾಕ್ರಮನ ತಮ್ಮ. ಆದುದರಿಂದ ಭೀಮನಿಗೆ ಚಿಕ್ಕಪ್ಪ. ಭೀಮನಾದರೋ ಲಾವಣ್ಯವತಿಯ ತಮ್ಮ. ಆದುದರಿಂದ ರಾಮನಿಗೆ ಸೋದರಮಾವ. ಯಾರು ಯಾರಿಗೆ ಹಿರಿಯರು?

ಇಲ್ಲಿ ಎರಡು ಬಗೆಯ ಸಂಬಂಧಗಳು ಬೆರೆತಿವೆ: ಒಂದು ಮದುವೆಯಿಂದ ಬಂದುದು, ಇನ್ನೊಂದು ರಕ್ತದಿಂದ ಬಂದುದು. ಎರಡನೆಯದನ್ನು ಅಳೆಯುವ ವಿಧಾನವೊಂದನ್ನು ಅಮೆರಿಕದ ಸ್ಯೂವಲ್ ರೈಟ್ 1922ರಲ್ಲಿ ಪ್ರಕಟಿಸಿದನು. ತಂದೆ ತಾಯಿಗಳು ತಮ್ಮ ಜೀನುಗಳಲ್ಲಿ ಅರ್ಧದಷ್ಟನ್ನು ಪ್ರತಿಯೊಂದು ಮಗುವಿಗೂ ಕೊಡುತ್ತಾರೆ. ಆದುದರಿಂದ ವಂಶವೃಕ್ಷದಲ್ಲಿ ಒಂದೊಂದು ಮೆಟ್ಟಿಲಿಗೂ 1/2ರಿಂದ ಗುಣಿಸಬೇಕು.

ಎರಡು ಕುಟುಂಬಗಳಿಗೂ ಮೊದಲು ರಕ್ತಸಂಬಂಧವಿರಲಿಲ್ಲವೆಂದು ಭಾವಿಸೋಣ. ರಾಮನಿಂದ ಚಂಡಸಿಂಹನಿಗೆ, ಅಲ್ಲಿಂದ ಸಿಂಹಪರಾಕ್ರಮನಿಗೆ, ಅಲ್ಲಿಂದ ಭೀಮನಿಗೆ ಮೂರು ಮೆಟ್ಟಿಲುಗಳು, ಅಂದರೆ 1/8. ಲಾವಣ್ಯವತಿ, ಚಂದ್ರವತಿಯರ ಮೂಲಕ ಬಂದರೂ ಮೂರೇ ಮೆಟ್ಟಿಲುಗಳು, ಮತ್ತೆ 1/8. ಒಟ್ಟು 1/4. ಸಾಮಾನ್ಯ ಸೋದರಮಾವನಿಗೂ ಅಕ್ಕನ ಮಗನಿಗೂ ಇರುವ ಸಂಬಂಧವೂ ಸರಿಯಾಗಿ ಇಷ್ಟೇ! ರಾಜನ ಬಾಯಿ ಕಟ್ಟಿಸಿದ ಗೋಜಲು ಗಣಿತಕ್ಕೆ ಗೋಜಲೇ ಅಲ್ಲ. ರಾಮನ ತಂದೆ ತಾಯಿಗಳು ಪರಸ್ಪರ ರಕ್ತಸಂಬಂಧಿಗಳಲ್ಲ, ಭೀಮನವರೂ ಅಲ್ಲ. ಆದುದರಿಂದ ಈ ವಿಚಿತ್ರ ವಿವಾಹಗಳಿಂದ ಮಕ್ಕಳ ಆರೋಗ್ಯಕ್ಕೆ ವಿಶೇಷ ಅಪಾಯವೇನೂ ಇಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮನೆಗಳಲ್ಲಿಯೇ ಉಂಟು. ಅಕ್ಕನ ಮಗಳನ್ನು ಸೋದರಮಾವನು ಮದುವೆಯಾಗುವ ಪದ್ಧತಿ ಕರ್ಣಾಟಕದ ಅನೇಕ ಕುಟುಂಬಗಳಲ್ಲಿ ಬಹುಕಾಲದಿಂದ ಬಂದಿದೆ. ಅಲ್ಲಿ ಯಾವ ಬೇತಾಳನಿಗೂ ಪ್ರಶ್ನೆ ಹೊಳೆಯದು. ಹೆಸರುಗಳು ಅಷ್ಟು ಸಲೀಸು. ಆದರೆ ಆ ವಧೂವರರ ನಡುವೆ 1/4ರಷ್ಟು ರಕ್ತಸಂಬಂಧವಿದೆ. ಒಂದು ಜೀನು ಕೆಟ್ಟಿದ್ದರೂ ಅದರ ಜೋಡಿಯು ಸರಿಯಾಗಿದ್ದರೆ ಅನೇಕ ರೋಗಗಳು ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಅಜ್ಜನಲ್ಲಿಯೋ ಅಜ್ಜಿಯಲ್ಲಿಯೋ ಹೀಗೆ ಅಡಗಿದ್ದ ಒಂದೇ ದೋಷವು ತಂದೆಯಿಂದಲೂ ತಾಯಿಯಿಂದಲೂ ಬಂದು ಮಗುವಿನಲ್ಲಿ ಕೂಡಬಹುದು. ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಹೀಗೆ ಒಂದೇ ಮೂಲದಿಂದ ಬಂದಿರುವ ಸಂಭವ ಆ ಮಗುವಿನಲ್ಲಿ 1/8. ಪ್ರತಿಯೊಂದು ಮಗುವಿಗೂ ರೋಗ ಬಂದೇ ಬರುತ್ತದೆಂದು ಇದರ ಅರ್ಥವಲ್ಲ. ಅಪಾಯ ಹೆಚ್ಚುತ್ತದೆಂದು ಮಾತ್ರ ಅರ್ಥ.

ಹೆಸರುಗಳ ಗಂಟು ಬೇರೆ, ರಕ್ತದ ಗಂಟು ಬೇರೆ. ಮೊದಲನೆಯದು ನಗೆ ತರಿಸುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಮದುವೆಯ ಮಾತು ಬಂದಾಗ ಕಾಗದದ ಮೇಲೆ ವಂಶವೃಕ್ಷವನ್ನು ಬರೆದು, ಮೆಟ್ಟಿಲುಗಳನ್ನು ಎಣಿಸಿ, ಅಗತ್ಯವೆನಿಸಿದರೆ ವೈದ್ಯರ ಸಲಹೆ ಪಡೆಯುವುದು ವಿವೇಕಿಗಳ ಲಕ್ಷಣ.