ಹೊಳೆಯಿಲ್ಲದ ರಾಜಧಾನಿ

ವಿಜಾಪುರವನ್ನು ನೋಡಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಗೋಲಗುಮ್ಮಟದಲ್ಲಿ ಕೂಗಿದ ಕಥೆಯನ್ನೇ ಹೇಳುತ್ತಾರೆ. ಬೆಳಿಗ್ಗೆ ಬಸ್ಸಿಳಿದು, ಕೂಗಿ, ಫೋಟೋ ತೆಗೆಸಿಕೊಂಡು, ಸಂಜೆಯ ಬಸ್ಸಿಗೆ ಮರಳುವ ಈ ಬಗೆಯ ಪ್ರವಾಸವನ್ನು ನಾನೂ ಮೂರು ಸಲ ಮಾಡಿದ್ದೇನೆ: ವಿದ್ಯಾರ್ಥಿಯಾಗಿದ್ದಾಗ ಒಮ್ಮೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಎರಡು ಸಲ. ಆ ನಗರವನ್ನು ನಿಜವಾಗಿ ನೋಡಿದ್ದು ನಾಲ್ಕನೆಯ ಸಲ, ನನ್ನ ತಾಯಿಯೊಡನೆ ಹೋದಾಗ.

ನಮ್ಮದು ಕೃಷ್ಣಾತೀರದ ಉಗಾರ ಬುದ್ರುಕ. ತಾಯಿಯ ಪಾಲಿಗೆ ಊರೆಂದರೆ ಮಗ್ಗುಲಲ್ಲಿ ಹೊಳೆ ಇರುವಂಥದು. ಉಳಿದುವೆಲ್ಲ ಬರಿಯ ವಸತಿಗಳು. ವಿಜಾಪುರದ ಕೋಟೆಯ ಗೋಡೆ ಕಣ್ಣಿಗೆ ಬಿದ್ದೊಡನೆ ಆಕೆ ಕೇಳಿದ ಮೊದಲ ಪ್ರಶ್ನೆ, "ಇಷ್ಟ ದೊಡ್ಡ ಊರ, ಹೊಳಿ ಎಲ್ಲೈತೋ ತಮ್ಮಾ?" ಹೊಳೆಯಿಲ್ಲವೆಂದೆ. "ಮತ್ತ ಅಷ್ಟ ಮಂದಿ, ಆನಿ, ಕುದರಿ ಏನ ಕುಡೀತಿದ್ದುವು?" ನನ್ನ ಎಂ.ಎ. ಪದವಿ ಆ ಕ್ಷಣದಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಎರಡು ದಿನಗಳ ನಮ್ಮ ತಿರುಗಾಟ ಆ ಪ್ರಶ್ನೆಯ ಬೆನ್ನು ಹತ್ತಿಯೇ ನಡೆಯಿತೆನ್ನಬೇಕು.

ಹೋಗುವ ದಾರಿಯ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಉಗಾರದ ಕಡೆಯವರು ರೈಲನ್ನು ನೆಚ್ಚಬಾರದು. ಮಿರಜ, ಕುರ್ಡುವಾಡಿ, ಸೊಲ್ಲಾಪುರಗಳನ್ನು ಸುತ್ತಿ ಬರುವಷ್ಟರಲ್ಲಿ ಉತ್ಸಾಹವೆಲ್ಲ ಬತ್ತಿಹೋಗುತ್ತದೆ. ಅಥಣಿಯಿಂದ ತಿಕೋಟೆಯ ಮೇಲೆ ಹೋಗುವ ರಸ್ತೆಯೇ ಮೇಲು. ಅಥಣಿಯಿಂದ ಸುಮಾರು 75 ಕಿಲೋಮೀಟರು. ಈ ದಾರಿ ಹೊಸದೇನೂ ಅಲ್ಲ. 1639ರಲ್ಲಿ ಮ್ಯಾಂಡೆಲ್ಸ್ಲೊ ಎಂಬ ಜರ್ಮನ್ ಪ್ರವಾಸಿ ವಿಜಾಪುರಕ್ಕೂ ಗೋವೆಗೂ ನಡುವಣ ದೊಡ್ಡ ಪೇಟೆಯೆಂದು ಅಥಣಿಯನ್ನು ಹೆಸರಿಸಿದ್ದಾನೆ. ಇನ್ನೊಂದು ಅನುಕೂಲವೆಂದರೆ ಎಲ್ಲಿಯೂ ಕೃಷ್ಣೆಯನ್ನು ದಾಟಬೇಕಾಗಿಲ್ಲ. ಶ್ರಾವಣದ ಮಹಾಪೂರದಲ್ಲಿ ಸೇತುವೆಗಳು ಮುಳುಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. 2014ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ಬಸ್ಸಿನ ಫಲಕದಲ್ಲಿ ಆ ಹೆಸರನ್ನೇ ಹುಡುಕಬೇಕು, ಬಾಯಲ್ಲಿ ಯಾವುದಿದ್ದರೂ ನಡೆಯುತ್ತದೆ.

ಗೋಲಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದ ಮೇಲೆ ಅಲ್ಲಿ ಪ್ರತಿಧ್ವನಿ ಯಾವುದು, ಗದ್ದಲ ಯಾವುದು ಎಂಬುದು ತಿಳಿಯದು. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಗೋರಿ ಇದು. ಒಳಗಿನ ಅಂಕಣ ಒಂದೊಂದು ಬದಿಗೆ 135 ಅಡಿ. ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಛೇದಿಸುವ ಕಮಾನುಗಳು ಚೌಕವನ್ನು ಮೆಲ್ಲಮೆಲ್ಲನೆ ವರ್ತುಲವಾಗಿಸಿ, ಅಷ್ಟು ಭಾರದ ಗುಮ್ಮಟವನ್ನು ಹೊತ್ತು ನಿಂತಿವೆ. ಮೊಗಸಾಲೆಗೆ ಹೋಗಲು ಮೂಲೆಯ ಏಳು ಅಂತಸ್ತಿನ ಗೋಪುರವನ್ನು ಇಕ್ಕಟ್ಟಾದ ಮೆಟ್ಟಿಲುಗಳಿಂದ ಹತ್ತಬೇಕು. ಮೊಣಕಾಲು ನೋವಿರುವ ಹಿರಿಯರನ್ನು ಒತ್ತಾಯಿಸಬಾರದು. ತಾಯಿಯನ್ನು ಕೆಳಗೆ ಕೂರಿಸಿ ನಾನೊಬ್ಬನೇ ಹತ್ತಿದೆ. ಮೇಲಿನಿಂದ "ಅವ್ವಾ" ಎಂದು ಒಮ್ಮೆ ಕರೆದೆ; ಗುಮ್ಮಟ ಅದನ್ನು ಏಳೆಂಟು ಸಲ ಹೇಳಿತು. ಇಳಿದು ಬಂದಾಗ ಆಕೆ ನಗುತ್ತಿದ್ದಳು: "ಸಣ್ಣಾವಿದ್ದಾಗ ಸೈತ ಇಷ್ಟ ಸಲ ಕರದಿರಲಿಲ್ಲ ಬಿಡು." ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿರಲಿ.

ಮಧ್ಯಾಹ್ನ ಟಾಂಗಾ ಮಾಡಿಕೊಂಡು ಪಡುವಣ ತುದಿಗೆ ಹೋದೆವು. ಹತ್ತುವ ಮುನ್ನವೇ ಬಾಡಿಗೆಯನ್ನು ಗೊತ್ತುಮಾಡಿಕೊಳ್ಳುವುದು ಎರಡೂ ಕಡೆಗೆ ಕ್ಷೇಮ. ಮಕ್ಕಾ ದರವಾಜೆಯ ಒಳಮಗ್ಗುಲಲ್ಲಿ ಸಿಗುವ ತಾಜ ಬಾವಡಿಯ ಮುಂದೆ ತಾಯಿಯ ಪ್ರಶ್ನೆಗೆ ಮೊದಲ ಉತ್ತರ ದೊರೆಯಿತು. ಎರಡು ಬುರುಜುಗಳ ನಡುವೆ ದೊಡ್ಡದೊಂದು ಕಮಾನು. ಅದರೊಳಗಿಂದ ಇಳಿದರೆ ಬದಿಗೆ ಸುಮಾರು 223 ಅಡಿಯ ಚೌಕನೆಯ ಕೊಳ. ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಮಲಿಕ್ ಸಂದಲ ಕಟ್ಟಿಸಿದ್ದು. ಸುತ್ತಲಿನ ಕೋಣೆಗಳು ದಾರಿಹೋಕರ ತಂಗುದಾಣಗಳು. ನಾನು ವಿದ್ಯಾರ್ಥಿಯಾಗಿ ಬಂದಾಗ ಇದು ಕಸದ ಗುಂಡಿಯಾಗಿತ್ತು. ಮೂಗು ಮುಚ್ಚಿಕೊಂಡು ದಾಟಿ ಹೋಗಿದ್ದೆವು. ಮುಂದೆ ಹೂಳೆತ್ತಿಸಿ ಸ್ವಚ್ಛಗೊಳಿಸಿದರು. ಆದರೂ ಕಟ್ಟೆಯ ಮೇಲೆ ನಿಂತವನೊಬ್ಬ ಖಾಲಿ ಚೀಲವನ್ನು ನೀರಿಗೆ ಎಸೆದುದನ್ನು ಕಂಡು ತಾಯಿ ಅವನನ್ನು ಬೈದ ರೀತಿಯನ್ನು ಇಲ್ಲಿ ಬರೆಯಲಾರೆ.

ಒಂದು ಬಾವಿಯಿಂದ ರಾಜಧಾನಿ ಬದುಕೀತೆ? ಮರುದಿನ ಬೆಳಿಗ್ಗೆ ಬಂದ ದಾರಿಯಲ್ಲೇ ಹಿಂತಿರುಗಿ ತೊರವೆಗೆ ಹೋದೆವು. ಕನ್ನಡಿಗರಿಗೆ ತೊರವೆಯೆಂದರೆ ನರಸಿಂಹ ದೇವರು, ಆ ದೇವರ ಅಂಕಿತದಲ್ಲಿ ಬರೆದ ಕುಮಾರ ವಾಲ್ಮೀಕಿಯ ರಾಮಾಯಣ. ಆದಿಲಶಹರ ಕಾಲಕ್ಕೆ ಅದೇ ತೊರವೆ ನಗರದ ಜಲಮೂಲವೂ ಆಗಿತ್ತು. ಬಿಸಿಲಿಗೆ ಆರದಂತೆ, ಶತ್ರುವಿಗೆ ಕಾಣದಂತೆ ನೆಲದೊಳಗೇ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಬಾವಿಗಳನ್ನು ತೋಡಿ, ಇಳಿಜಾರಿನ ಬಲದಿಂದಲೇ ನೀರನ್ನು ಕೋಟೆಯತ್ತ ಹರಿಸಿದರು. ಅದೂ ಸಾಲದಾದಾಗ 1651ರಲ್ಲಿ ಊರ ಹೊರಗೆ ಬೇಗಂ ತಲಾಬನ್ನು ಕಟ್ಟಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಿಂದ ನೀರು ತಂದರು. ಕೊಳವೆ ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸಲು ನಡುನಡುವೆ ಕಟ್ಟಿದ ಕಲ್ಲಿನ ಗೋಪುರಗಳಿಗೆ ಗಂಜ್ ಎಂದು ಹೆಸರು. ಇವು ಈಗಲೂ ಬೀದಿಬದಿಯಲ್ಲಿ ಮೂಕವಾಗಿ ನಿಂತಿವೆ. ಟಾಂಗಾದವನನ್ನು ಕೇಳಿದರೆ ತೋರಿಸುತ್ತಾನೆ, ಕೇಳದಿದ್ದರೆ ಹೇಳುವುದಿಲ್ಲ.

ಉಳಿದುವುಗಳಲ್ಲಿ ಇಬ್ರಾಹಿಂ ರೋಜಾವನ್ನು ಮಾತ್ರ ಸಂಜೆಯ ಬೆಳಕಿಗೆ ಮೀಸಲಿಡಿರಿ. ಸಂಗೀತಪ್ರಿಯನಾಗಿ, ಸರಸ್ವತಿಯನ್ನು ಸ್ತುತಿಸಿ, ಜಗದ್ಗುರು ಎನಿಸಿಕೊಂಡ ಸುಲ್ತಾನನ ಸಮಾಧಿ ಅದು. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಅದರ ಕಿಟಕಿಗಳಿಗೆ ಸರಿಸಾಟಿಯಾದುದು ಗೋಲಗುಮ್ಮಟದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. 55 ಟನ್ ತೂಕದ ಮಲಿಕ್-ಎ-ಮೈದಾನ ತೋಪು ಮಕ್ಕಳಿಗೆ ಹಿಡಿಸುತ್ತದೆ. 1854ರಲ್ಲಿ ಇದನ್ನು ಲಿಲಾವಿಗೆ ಹಾಕಿದಾಗ ಬಂದ ದೊಡ್ಡ ಸವಾಲು 150 ರೂಪಾಯಿ. ಕಡಿಮೆಯಾಯಿತೆಂದು ಮಾರಲಿಲ್ಲವಾಗಿ ನಾವಿಂದು ನೋಡುತ್ತಿದ್ದೇವೆ. ಸಿಕಂದರ ಆದಿಲಶಹನು 1686ರಲ್ಲಿ ಔರಂಗಜೇಬನ ಮುಂದೆ ಬೆಳ್ಳಿಯ ಬೇಡಿ ತೊಟ್ಟು ನಿಂತ ಗಗನ ಮಹಲಿನಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು.

ಊಟದ ಚಿಂತೆ ಬೇಡ. ಗಾಂಧಿ ಚೌಕದ ಸುತ್ತಮುತ್ತ, ಸ್ಟೇಶನ್ ರಸ್ತೆಯಲ್ಲಿ ವಸತಿಗೃಹಗಳೂ ಖಾನಾವಳಿಗಳೂ ಇವೆ. ದಕ್ಷಿಣದ ವಾಚಕರು ದಯವಿಟ್ಟು ಇಲ್ಲಿಯೂ ಇಡ್ಲಿಯನ್ನು ಹುಡುಕಬಾರದು. ಡೋಣಿ ಹೊಳೆಯ ಕರಿನೆಲದ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಚಳಿಗಾಲವಾದರೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ಖಾರ ಒಗ್ಗದವರು ಮೊದಲೇ ಹೇಳುವುದು ಒಳಿತು. ಆಮೇಲೆ ಶೇಂಗಾಹೋಳಿಗೆಯೊಂದೇ ಗತಿ. ನವೆಂಬರದಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ. ಆದರೆ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಕೋಣೆಯನ್ನು ಮುಂಗಡ ಕಾದಿರಿಸದವರು ರಸ್ತೆಯಲ್ಲೇ ಉಳಿಯಬೇಕಾದೀತು. ಬೇಸಗೆಯಲ್ಲಿ ಮಕ್ಕಳನ್ನು ಕರೆತರಬೇಡಿರಿ.

ಹೊರಡುವ ದಿನ ಖಾನಾವಳಿಯಲ್ಲಿ ತಾಯಿ ತಂಬಿಗೆಯ ನೀರನ್ನು ಒಂದು ಗುಟುಕು ಕುಡಿದು, ಬಡಿಸುವ ಹುಡುಗನನ್ನು ಕೇಳಿದಳು: "ಈಗ ನಿಮಗ ನೀರು ಎಲ್ಲಿಂದೋ ತಮ್ಮಾ?"

"ಕೊಲ್ಹಾರದಿಂದ ಬರತೈತ್ರೀ ಅವ್ವಾರ, ಪೈಪಿನಾಗ. ಕೃಷ್ಣಾ ಹೊಳಿ ನೀರು."

ಆಕೆ ನನ್ನತ್ತ ತಿರುಗಿದಳು. "ಅಂದ್ರ ನಮ್ಮೂರ ಮುಂದ ಹಾದು ಬಂದದ್ದ." ಉಳಿದ ನೀರನ್ನು ಚೆಲ್ಲದೆ, ಪೂರ್ತಿ ಕುಡಿದು ಎದ್ದಳು.