ಗ್ರಿಲ್ಲಿನ ಅಂದ ಮುಂದೆ, ಕೆಲಸ ಹಿಂದೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋದರೆ ಪಿಕಪ್ ಗಾಡಿಗೆ ಹಾಕಿಸಬಹುದಾದ ಗ್ರಿಲ್‌ಗಳು ಬಗೆಬಗೆಯವು ಸಿಗುತ್ತವೆ. ಕಪ್ಪು ಪ್ಲಾಸ್ಟಿಕ್ಕಿನವು, ಕ್ರೋಮ್ ಹೊಳಪಿನವು, ಸ್ಟೀಲ್ ಜಾಲರಿಯವು, ನಡುವೆ ದೀಪ ಕೂರಿಸಿದವು. ಬೊಲೆರೊ ಪಿಕಪ್‌ನಲ್ಲಿ ತರಕಾರಿ ಸಾಗಿಸುವವರಿಂದ ಹಿಡಿದು ವಿ-ಕ್ರಾಸ್, ಹೈಲಕ್ಸ್ ಕೊಂಡು ಮಲೆನಾಡು ಸುತ್ತುವವರವರೆಗೆ ಎಲ್ಲರಿಗೂ ಗಾಡಿಯ ಮುಖ ಎದ್ದು ಕಾಣಬೇಕೆಂಬ ಆಸೆ. ಆ ಆಸೆಯಲ್ಲಿ ತಪ್ಪೇನಿಲ್ಲ. ಗಾಡಿಯನ್ನು ಚೆಂದವಾಗಿ ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಅದರ ಆಯಿಲ್, ಟೈರುಗಳನ್ನೂ ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುತ್ತಾರೆ. ಆದರೆ ಗ್ರಿಲ್ ಆರಿಸುವಾಗ ಹೆಚ್ಚಿನವರ ಕಣ್ಣು ಅದರ ಮುಂಭಾಗದ ಮೇಲಷ್ಟೇ ಇರುತ್ತದೆ. ಅದರ ಹಿಂದೆ ಏನಿದೆ ಎಂದು ಕೇಳುವವರು ಕಡಿಮೆ. ಅಂಗಡಿಯಲ್ಲೂ ಗಾಡಿ ಸ್ಟ್ಯಾಂಡಿನಲ್ಲೂ ಪದೇ ಪದೇ ಕೇಳಿಬರುವ ಕೆಲವು ಮಾತುಗಳು ಎಷ್ಟು ನಿಜ ಎಂದು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ಗ್ರಿಲ್ ಬರೀ ಶೋಕಿಗೆ ಇರುವುದು, ಯಾವುದನ್ನು ಹಾಕಿದರೂ ಆಯಿತು.

ವಾಸ್ತವ: ಬಾನೆಟ್ ಎತ್ತಿ ಗ್ರಿಲ್ಲಿನ ಹಿಂದೆ ಇಣುಕಿ ನೋಡಿ. ಏಸಿ ಇರುವ ಗಾಡಿಯಾದರೆ ಮೊದಲು ಕಾಣುವುದು ಏಸಿಯ ಕಂಡೆನ್ಸರ್. ಅದರ ಹಿಂದೆ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಇಂಟರ್‌ಕೂಲರ್ ಕೂಡ ಹಲವು ಸಲ ಇದೇ ಸಾಲಿನಲ್ಲಿ ಇರುತ್ತದೆ. ಇವೆಲ್ಲ ಕೆಲಸ ಮಾಡುವುದು ಮುಂದಿನಿಂದ ಬರುವ ಗಾಳಿಯಿಂದ. ಆ ಗಾಳಿಯ ಮುಖ್ಯ ಬಾಗಿಲು ಗ್ರಿಲ್. ರಸ್ತೆಯಲ್ಲಿ ಸಿಡಿಯುವ ಜಲ್ಲಿಯನ್ನು ತಡೆಯಬೇಕು, ಗಾಳಿಯನ್ನು ಮಾತ್ರ ತಡೆಯಬಾರದು. ಈ ಎರಡನ್ನೂ ತೂಗಿ ನೋಡಿಯೇ ಕಂಪನಿಯವರು ಅದರ ಕಂಡಿಗಳ ಅಳತೆ ಇಟ್ಟಿರುತ್ತಾರೆ.

ತಪ್ಪು ಕಲ್ಪನೆ: ಕಂಡಿ ದೊಡ್ಡದಾದಷ್ಟೂ ಇಂಜಿನ್ ತಂಪಾಗಿರುತ್ತದೆ.

ವಾಸ್ತವ: ಗ್ರಿಲ್ ಮಾರುವವರು ಹೆಚ್ಚು ಹೇಳುವ ಮಾತು ಇದೇ, ಹೆಚ್ಚು ತಪ್ಪುದಾರಿಗೆ ಎಳೆಯುವುದೂ ಇದೇ. ಸುಸ್ಥಿತಿಯಲ್ಲಿರುವ ಇಂಜಿನ್ನಿನ ಬಿಸಿಯನ್ನು ಕಾಯುವುದು ಥರ್ಮೋಸ್ಟಾಟ್. ಕೂಲಂಟ್ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬೇಕಾದಷ್ಟು ಗಾಳಿ ಆಗಲೇ ಬರುತ್ತಿರುವ ಗಾಡಿಗೆ ಇನ್ನಷ್ಟು ಅಗಲವಾದ ಕಂಡಿಯ ಗ್ರಿಲ್ ಹಾಕಿದರೆ ಇಂಜಿನ್ ಇನ್ನಷ್ಟು ತಂಪಾಗುವುದಿಲ್ಲ. ಹೀಟ್ ಆಗುತ್ತಿರುವ ಗಾಡಿಗೆ ಗ್ರಿಲ್ ಬದಲಿಸುವುದು ಮದ್ದೂ ಅಲ್ಲ. ಕೂಲಂಟ್ ಮಟ್ಟ, ಕಟ್ಟಿಕೊಂಡ ರೇಡಿಯೇಟರ್, ಸೋತ ಫ್ಯಾನ್ ಕ್ಲಚ್, ಹಳೆಯ ಥರ್ಮೋಸ್ಟಾಟ್, ಮೊದಲು ನೋಡಬೇಕಾದದ್ದು ಇವನ್ನು.

ಘಾಟಿಯಲ್ಲಿ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬೊಲೆರೊ ಪಿಕಪ್ 1.7ರಲ್ಲಿ ಪೂರ್ತಿ 1,700 ಕಿಲೋ ಹೇರಿಕೊಂಡು ಮಂಗಳೂರು ಕಡೆಯಿಂದ ಶಿರಾಡಿ ಹತ್ತುವಾಗ ಗಾಡಿ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ಇಂಜಿನ್ ದುಡಿಯುವುದು ಜಾಸ್ತಿ, ಗಾಡಿಯ ವೇಗ ಕಡಿಮೆ. ಆಗ ಮುಂದಿನಿಂದ ತಾನಾಗಿ ನುಗ್ಗುವ ಗಾಳಿ ಅಲ್ಪ. ರೇಡಿಯೇಟರಿನ ಮೂಲಕ ಗಾಳಿಯನ್ನು ಎಳೆದುಕೊಳ್ಳುವುದು ಫ್ಯಾನ್. ಅದು ಎಳೆಯುವ ಗಾಳಿ ರೇಡಿಯೇಟರಿನ ಒಳಗಿಂದಲೇ ಬರಬೇಕು, ಪಕ್ಕದ ಸಂದಿಯಿಂದ ಅಲ್ಲ.

ಹೆಚ್ಚಿನ ಫಿಟ್ಟಿಂಗ್‌ಗಳು ಕೆಡುವುದು ಇಲ್ಲೇ. ಕಂಪನಿಯ ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಎರಡೂ ಬದಿ ಮತ್ತು ಮೇಲೆ, ಕಪ್ಪು ಪ್ಲಾಸ್ಟಿಕ್ ತಗಡುಗಳೂ ಫೋಮ್ ಪಟ್ಟಿಗಳೂ ಇರುತ್ತವೆ. ನೋಡಲು ಕೆಲಸಕ್ಕೆ ಬಾರದವು ಎನಿಸುತ್ತವೆ. ಹೊಸ ಗ್ರಿಲ್ ಸರಿಯಾಗಿ ಕೂರದಿದ್ದಾಗ ಫಿಟ್ಟರು ಮೊದಲು ಕಿತ್ತು ಬದಿಗಿಡುವುದೂ ಇವನ್ನೇ. ಗ್ರಿಲ್ಲಿನಿಂದ ಬಂದ ಗಾಳಿ ಅಡ್ಡದಾರಿ ಹಿಡಿಯದೆ ರೇಡಿಯೇಟರಿನೊಳಗೇ ಹೋಗುವಂತೆ ಮಾಡುವುದು ಇವುಗಳ ಕೆಲಸ. ಕಂಡೆನ್ಸರ್ ಮತ್ತು ರೇಡಿಯೇಟರಿನ ಸಣ್ಣ ರೆಕ್ಕೆಗಳ ನಡುವೆ ನುಸುಳುವುದು ಗಾಳಿಗೆ ಕಷ್ಟ, ಪಕ್ಕದ ಸಂದಿಯಲ್ಲಿ ಹೋಗುವುದು ಸುಲಭ. ಪಟ್ಟಿ ಕಿತ್ತ ಗಾಡಿಯಲ್ಲಿ ಗಾಳಿ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಫ್ಯಾನಿನ ಸುತ್ತಲಿನ ಬಿಸಿ ಗಾಳಿಯೂ ಮತ್ತೆ ಮುಂದಕ್ಕೆ ಸುತ್ತಿ ಬರುತ್ತದೆ. ದೊಡ್ಡ ಕಂಡಿಯ ಗ್ರಿಲ್ ಹಾಕಿಸಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಏಸಿ ತಣ್ಣಗಾಗದೆ ಹೋದರೆ, ಏಸಿ ಗ್ಯಾಸ್ ತುಂಬಿಸುವ ಮೊದಲು ಈ ಪಟ್ಟಿಗಳು ಜಾಗದಲ್ಲಿವೆಯೇ ಎಂದು ನೋಡಿ.

ತಪ್ಪು ಕಲ್ಪನೆ: ತೂತಿದೆಯಲ್ಲ, ಗಾಳಿ ಬಂದೇ ಬರುತ್ತದೆ.

ವಾಸ್ತವ: ತೂತು ಎಷ್ಟಿದೆ ಎಂಬುದು ಲೆಕ್ಕದ ಮಾತು. 2 ಮಿಲಿಮೀಟರ್ ತಂತಿಯ, 10 ಮಿಲಿಮೀಟರ್ ಚೌಕದ ಜಾಲರಿಯಲ್ಲಿ ತೆರೆದ ಜಾಗ ಸುಮಾರು ಶೇ. 69. ಅದರ ಬದಲು ತಗಡಿನಲ್ಲಿ 5 ಮಿಲಿಮೀಟರಿನ ದುಂಡು ತೂತುಗಳನ್ನು 8 ಮಿಲಿಮೀಟರ್ ಅಂತರದಲ್ಲಿ ಓರೆಸಾಲಾಗಿ ಕೊರೆದಿದ್ದರೆ ತೆರೆದ ಜಾಗ ಶೇ. 35ರಷ್ಟೇ. ದೂರದಿಂದ ನೋಡಿದರೆ ಎರಡೂ ತೂತು ತೂತಾಗಿಯೇ ಕಾಣುತ್ತವೆ. ಗ್ರಿಲ್ಲಿನ ಮುಕ್ಕಾಲು ಭಾಗವನ್ನು ಅಕ್ಷರವೋ ಲಾಂಛನವೋ ತುಂಬಿಕೊಂಡಿದ್ದರೆ ಉಳಿಯುವುದು ಇನ್ನೂ ಕಡಿಮೆ. ಅಂಗಡಿಯಲ್ಲಿ ಹಳೆಯ ಗ್ರಿಲ್ಲನ್ನೂ ಹೊಸದನ್ನೂ ಒಂದರ ಪಕ್ಕ ಒಂದಿಟ್ಟು ಬೆಳಕಿಗೆ ಹಿಡಿದು ನೋಡಿ. ಹಳೆಯದಕ್ಕಿಂತ ಕಡಿಮೆ ಬೆಳಕು ಬಿಡುವ ಗ್ರಿಲ್ಲನ್ನು ಲೋಡು ಹೊರುವ ಗಾಡಿಗೆ ಹಾಕಿಸಬೇಡಿ.

ಇಲ್ಲೇ ಹೇಳಬೇಕಾದ ಇನ್ನೊಂದು ವಿಷಯ ಸೊಳ್ಳೆಪರದೆಯ ಜಾಲರಿ. ಹುಳು, ಹೊಟ್ಟು ಒಳಗೆ ಹೋಗಬಾರದೆಂದು ಗ್ರಿಲ್ಲಿನ ಹಿಂದೆ ಅದನ್ನು ಕಟ್ಟುವವರು ಬಹಳ. ಅದರ ಹಿಂದಿನ ಕಾಳಜಿ ಸರಿಯಾದದ್ದೇ. ಆದರೆ ಹಳೇ ಮೈಸೂರು ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಒಕ್ಕಣೆಗೆ ಹರಡಿರುತ್ತಾರೆ. ಅದರ ಮೇಲೆ ನಾಲ್ಕಾರು ಸಲ ಓಡಾಡಿದರೆ ಸಣ್ಣ ಜಾಲರಿ ಹೊಟ್ಟಿನಿಂದ ಮೆತ್ತಿಕೊಂಡು ಗೋಡೆಯಂತಾಗುತ್ತದೆ. ಜಾಲರಿ ಕಟ್ಟುವುದಾದರೆ ಕೈಯಲ್ಲೇ ಬಿಚ್ಚಿ ತೊಳೆಯುವಂತೆ ಕಟ್ಟಿಸಿ, ಸುಗ್ಗಿಯ ದಿನಗಳಲ್ಲಿ ಸಂಜೆಗೊಮ್ಮೆ ಕೊಡವಿ. ಆಯುಧಪೂಜೆಗೆ ಮುಂದೆ ಕಟ್ಟಿದ ಬಾಳೆಕಂದು, ಹೂವಿನ ಹಾರಗಳನ್ನೂ ದೂರದ ಬಾಡಿಗೆಗೆ ಹೊರಡುವ ಮೊದಲು ಬಿಚ್ಚಿಡುವುದು ಒಳ್ಳೆಯದು.

ತಪ್ಪು ಕಲ್ಪನೆ: "ಇದು ಎಲ್ಲಾ ಗಾಡಿಗೂ ಕೂರುತ್ತೆ ಅಣ್ಣ, ಹತ್ತು ನಿಮಿಷದ ಕೆಲಸ."

ವಾಸ್ತವ: ಎಲ್ಲ ಗಾಡಿಗೂ ಕೂರುವ ಗ್ರಿಲ್ ಎಂದರೆ ಯಾವ ಗಾಡಿಗೂ ಸರಿಯಾಗಿ ಕೂರದ ಗ್ರಿಲ್. ಒಂದೇ ಹೆಸರಿನ ಮಾಡೆಲ್ಲಿನಲ್ಲೂ ಕಂಪನಿ ಮುಂಭಾಗ ಬದಲಿಸಿದ ವರ್ಷದ ಹಿಂದಿನ ಮತ್ತು ಮುಂದಿನ ಗಾಡಿಗಳಿಗೆ ಬೇರೆ ಬೇರೆ ಗ್ರಿಲ್ ಬೇಕಾಗುತ್ತದೆ. ಆರ್‌ಸಿ ಜೊತೆಯಲ್ಲಿ ಒಯ್ದು ತಯಾರಾದ ತಿಂಗಳು, ವರ್ಷ ತೋರಿಸಿಯೇ ಕೊಳ್ಳಿ.

ಬಿಚ್ಚುವ ಕೆಲಸದಲ್ಲಿ ಅವಸರ ಬೇಡ. ಹೆಚ್ಚಿನ ಪಿಕಪ್‌ಗಳಲ್ಲಿ ಗ್ರಿಲ್ಲಿನ ಮೇಲಂಚಿನಲ್ಲಿ ಸ್ಕ್ರೂಗಳು ಬಾನೆಟ್ ತೆಗೆದ ಕೂಡಲೇ ಕಾಣುತ್ತವೆ. ಕೆಳಗೆ ಮತ್ತು ಬದಿಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್‌ಗಳು ಅಡಗಿರುತ್ತವೆ. ಕೈಪಳಗಿದ ಫಿಟ್ಟರು ಮೊದಲು ಬಂಪರಿನ ಅಂಚಿಗೆ ಟೇಪ್ ಅಂಟಿಸುತ್ತಾನೆ. ಆಮೇಲೆ ಒಂದೊಂದು ಕ್ಲಿಪ್ಪಿನ ಹಿಂದೆ ಬೆರಳು ತೂರಿಸಿ, ಅದರ ನಾಲಿಗೆ ಒತ್ತಿ, ಗ್ರಿಲ್ಲನ್ನು ತಿರುಚದೆ ನೇರ ತನ್ನ ಕಡೆಗೆ ಎಳೆಯುತ್ತಾನೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕ್ಲಿಪ್ಪಿನ ಕಿವಿ ಮುರಿಯುತ್ತದೆ. ಮುರಿದ ಕಿವಿಯ ಜಾಗಕ್ಕೆ ಬರುವುದು ಟ್ಯಾಗ್ ಅಥವಾ ತಂತಿ, ಆಮೇಲೆ ಹಂಪ್ ಹಾರಿದಾಗಲೆಲ್ಲ ಕಟಕಟ ಸದ್ದು. ಕಬ್ಬಿಣದ ಭಾರದ ಗ್ರಿಲ್ಲನ್ನು ಹಗುರ ಪ್ಲಾಸ್ಟಿಕ್ ಗ್ರಿಲ್ಲಿಗೆಂದು ಮಾಡಿದ ಕಿವಿಗಳಿಗೇ ಬಿಗಿದರೂ ಅದೇ ಗತಿ. ನಟ್ಟು ಬಿಗಿದ ಕಡೆ ಅಗಲ ವಾಷರ್ ಇರಲಿ, ಅದುರಾಟಕ್ಕೆ ಸಡಿಲವಾಗದ ನೈಲಾನ್ ನಟ್ಟು ಇರಲಿ. ನಾಲ್ಕೈದು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಎಲ್ಲವನ್ನೂ ಮತ್ತೆ ಬಿಗಿಸಿ. ಕಾರವಾರ, ಮಂಗಳೂರಿನಂಥ ಉಪ್ಪುಗಾಳಿಯ ಊರಿನವರು ಅಲ್ಯೂಮಿನಿಯಂ ಗ್ರಿಲ್ಲಿಗೆ ಸ್ಟೀಲ್ ಬೋಲ್ಟನ್ನು ನೇರವಾಗಿ ತಾಗುವಂತೆ ಹಾಕಿಸಬಾರದು. ತೇವದಲ್ಲಿ ಎರಡು ಲೋಹ ಕೂಡಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಸಾಕು.

ಅಂಗಡಿಯಿಂದ ಹೊರಡುವ ಮೊದಲು ಮರೆಯದೆ ಮಾಡಬೇಕಾದ ಪರೀಕ್ಷೆ ಒಂದಿದೆ. ಬಾನೆಟ್ಟನ್ನು ಮುಚ್ಚಿ, ಒಳಗಿನ ಲಿವರ್ ಎಳೆದು, ಮುಂದಿನ ಎರಡನೇ ಕೊಕ್ಕೆ ಬೆರಳಿಗೆ ಸಿಗುತ್ತದೆಯೇ, ಸಲೀಸಾಗಿ ಸಿಕ್ಕಿಕೊಂಡು ಬಿಟ್ಟುಕೊಳ್ಳುತ್ತದೆಯೇ ನೋಡಿ. ಹೊಸ ಗ್ರಿಲ್ಲಿನ ಅಂಚು ಆ ಕೊಕ್ಕೆಗೆ ಅಡ್ಡ ಬಂದರೆ ಹೆದ್ದಾರಿಯಲ್ಲಿ ಬಾನೆಟ್ ಎದ್ದು ಗಾಜಿಗೆ ಅಪ್ಪಳಿಸುವ ಅಪಾಯವಿದೆ. ಕೊಕ್ಕೆ ಸರಿಯಿಲ್ಲದೆ ಗಾಡಿ ತೆಗೆಯಲೇಬಾರದು.

ತಪ್ಪು ಕಲ್ಪನೆ: ಗ್ರಿಲ್ಲೂ ಒಂದೇ, ಬಂಪರ್ ಗಾರ್ಡೂ ಒಂದೇ, ಕಬ್ಬಿಣ ಇದ್ದಷ್ಟೂ ಜೀವಕ್ಕೆ ಭದ್ರ.

ವಾಸ್ತವ: ಎರಡೂ ಬೇರೆ ಬೇರೆ, ಕಾನೂನಿನ ಕಣ್ಣಲ್ಲೂ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬೇರೆಯಾಗುವಂಥ ಮಾರ್ಪಾಡನ್ನು. ಅದೇ ಅಳತೆಯ ಗ್ರಿಲ್ಲನ್ನು ಅದೇ ಜಾಗದಲ್ಲಿ ಕೂರಿಸುವುದಕ್ಕೂ, ಕಬ್ಬಿಣದ ಪೈಪುಗಳನ್ನು ಛಾಸಿಗೆ ಬೋಲ್ಟ್ ಮಾಡಿ ಬಂಪರಿನಿಂದ ಮುಂದಕ್ಕೆ ಚಾಚುವುದಕ್ಕೂ ಬಹಳ ವ್ಯತ್ಯಾಸವಿದೆ. ಇಂಥ ಗಾರ್ಡುಗಳು 52ನೇ ಕಲಮಿಗೆ ವಿರುದ್ಧ, ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದಾದ 182ಎ ಕಲಂ 2019ರ ತಿದ್ದುಪಡಿಯಲ್ಲಿ ಸೇರಿತು.

ದಂಡದ ಮಾತು ಒತ್ತಟ್ಟಿಗಿರಲಿ. ಡಿಕ್ಕಿಯಾದಾಗ ಬಂಪರ್ ಮತ್ತು ಮುಂಭಾಗ ನಜ್ಜುಗುಜ್ಜಾಗುವುದು ದೋಷವಲ್ಲ, ಆ ಹೊಡೆತವನ್ನು ತಾನು ನುಂಗಿ ಒಳಗಿನವರನ್ನು ಉಳಿಸುವ ಉಪಾಯ. ಗಟ್ಟಿ ಗಾರ್ಡ್ ಆ ಹೊಡೆತವನ್ನು ನೇರ ಛಾಸಿಗೆ ದಾಟಿಸುತ್ತದೆ. ಏರ್‌ಬ್ಯಾಗ್ ಯಾವ ಕ್ಷಣದಲ್ಲಿ ತೆರೆಯಬೇಕೆಂಬ ಲೆಕ್ಕವನ್ನು ಕಂಪನಿಯ ಬಂಪರ್ ಇಟ್ಟುಕೊಂಡೇ ಹಾಕಿರುತ್ತಾರೆ. ಮುಂದೆ ಗಾರ್ಡ್ ಬಂದರೆ ಆ ಲೆಕ್ಕ ತಪ್ಪಬಹುದು. ಗಾಡಿಯ ಹೊರಗೆ ಇರುವವರ ಪಾಡು ಇನ್ನೂ ಕಠಿಣ: ಪ್ಲಾಸ್ಟಿಕ್ ಬಂಪರ್ ತಾಗಿ ಕಾಲು ಮುರಿದುಕೊಳ್ಳುವಷ್ಟು ವೇಗದಲ್ಲಿ ಕಬ್ಬಿಣದ ಪೈಪು ತಾಗಿದರೆ ಜೀವವೇ ಹೋಗಬಹುದು, ಅದರಲ್ಲೂ ಮಕ್ಕಳಿಗೆ ಅದು ಎದೆಯ, ತಲೆಯ ಎತ್ತರಕ್ಕೇ ಬಡಿಯುತ್ತದೆ. ಊರೊಳಗಿನ ರಸ್ತೆಯಲ್ಲಿ ದಿನವೂ ಓಡುವ ಪಿಕಪ್‌ಗೆ ಗಾರ್ಡ್ ಬೇಡವೇ ಬೇಡ.

ತಪ್ಪು ಕಲ್ಪನೆ: ಮೂರು ಕಿತ್ತಳೆ ದೀಪ ಇದ್ದರೇನೇ ಲುಕ್ಕು, ಹೆಡ್‌ಲೈಟ್ ವೈರಿಗೆ ಸೇರಿಸಿದರೆ ಮುಗಿಯಿತು.

ವಾಸ್ತವ: ಆ ಮೂರು ದೀಪದ ಮಾದರಿ ಅಮೆರಿಕದ ಫೋರ್ಡ್ ರ‍್ಯಾಪ್ಟರ್ ಪಿಕಪ್‌ನಿಂದ ಬಂದದ್ದು. ಅಲ್ಲಿ 80 ಇಂಚು, ಅಂದರೆ 2,032 ಮಿಲಿಮೀಟರ್, ಅಥವಾ ಅದಕ್ಕಿಂತ ಅಗಲವಾದ ಗಾಡಿಗೆ ಮುಂದೆ ಇಂಥ ಗುರುತಿನ ದೀಪ ಇರಲೇಬೇಕೆಂಬ ನಿಯಮವಿದೆ. ರ‍್ಯಾಪ್ಟರ್ ಆ ಅಳತೆ ಮೀರಿದ್ದರಿಂದ ಅದಕ್ಕೆ ದೀಪ ಬಂತು. ನಮ್ಮ ವಿ-ಕ್ರಾಸ್ಸಾಗಲಿ ಹೈಲಕ್ಸಾಗಲಿ ಅಷ್ಟು ಅಗಲವೇ ಇಲ್ಲ. ಆದರೂ ಹಾಕಿಸುತ್ತೀರಾದರೆ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ವೈರುಗಳು ರೇಡಿಯೇಟರ್ ಪೈಪಿಗೂ ಫ್ಯಾನಿಗೂ ತಾಗದಂತೆ ಸ್ಲೀವಿನೊಳಗೆ ಹೋಗಲಿ. ಕಂಪನಿಯ ವೈರನ್ನು ಕೆತ್ತಿ, ತಿರುಚಿ, ಇನ್ಸುಲೇಶನ್ ಟೇಪ್ ಸುತ್ತಿದ ಜೋಡಣೆ ಮಳೆಗಾಲದಲ್ಲಿ ಕೈಕೊಡುತ್ತದೆ, ಶಾರ್ಟ್ ಆದರೆ ಬೆಂಕಿಯೂ ಹೊತ್ತಬಹುದು. ಮುಂಭಾಗಕ್ಕೆ ಕೆಂಪು ದೀಪ, ಮಿನುಗುವ ನೀಲಿ ದೀಪಗಳನ್ನಂತೂ ಹಾಕಿಸಲೇಬಾರದು.

ಮುಂದಿನ ಗಾಡಿಯ ದೂರ ಅಳೆಯುವ ರೇಡಾರ್ ಇರುವ ಹೊಸ ಗಾಡಿಗಳಲ್ಲಿ ಅದು ಲಾಂಛನದ ಹಿಂದೆಯೋ ಬಂಪರಿನ ಕಂಡಿಯಲ್ಲೋ ಅಡಗಿರುತ್ತದೆ. ಅದರ ಮುಂದೆ ಲೋಹದ ಜಾಲರಿ ಬಂದರೆ ರೇಡಾರಿಗೆ ಕಣ್ಣು ಕಟ್ಟಿದಂತೆ. ಅಂಥ ಗಾಡಿಗೆ ಕಂಪನಿಯೇ ಕೊಡುವ ಗ್ರಿಲ್ ಬಿಟ್ಟು ಬೇರೆಯದು ಬೇಡ.

ತಪ್ಪು ಕಲ್ಪನೆ: ಹಳೆಯ ಗ್ರಿಲ್ ಇನ್ನು ಯಾಕೆ, ಅಂಗಡಿಯವನಿಗೇ ಕೊಟ್ಟುಬಿಡೋಣ.

ವಾಸ್ತವ: ಎಫ್‌ಸಿಗೆ ಹೋದಾಗ ತಕರಾರು ಬಂದರೆ, ವಾರಂಟಿಯಲ್ಲಿ ರೇಡಿಯೇಟರ್ ಕೇಳುವಾಗ ಪ್ರಶ್ನೆ ಎದ್ದರೆ, ಗಾಡಿ ಮಾರುವಾಗ ಕೊಳ್ಳುವವರು ಮೂಲ ಗ್ರಿಲ್ ಬೇಕೆಂದರೆ, ಕೈಯಲ್ಲಿ ಅದು ಇರಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ ಬರುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಮೂಲ ಗ್ರಿಲ್ಲನ್ನು ಕತ್ತರಿಸಿ ಅದರೊಳಗೇ ಜಾಲರಿ ಕೂರಿಸುವ ಕೆಲಸಕ್ಕೆ ಒಪ್ಪಬೇಡಿ. ಹೊಸದಕ್ಕೆ ಬಿಲ್ ಬರೆಸಿಕೊಳ್ಳಿ, ದುಬಾರಿಯದಾದರೆ ವಿಮೆ ನವೀಕರಿಸುವಾಗ ಹೆಚ್ಚುವರಿ ಸಾಮಾನೆಂದು ಹೇಳಿ ಪಾಲಿಸಿಯಲ್ಲಿ ಬರೆಸಿ. ಹಳೆಯ ಗ್ರಿಲ್ಲನ್ನು ಅದರ ಸ್ಕ್ರೂ, ಕ್ಲಿಪ್ಪು, ಫೋಮ್ ಪಟ್ಟಿಗಳ ಸಮೇತ ಗೋಣಿಚೀಲದಲ್ಲಿ ಕಟ್ಟಿ, ನಿಮ್ಮ ಮನೆಯ ಅಟ್ಟದ ಮೇಲಿಡಿ.